ಅವಸರವಿಲ್ಲದ ಟೀಚರು

ಯೂನಿಯನ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಒಬ್ಬ ನಿವೃತ್ತ ಟೀಚರು. ತಾವು ಕಲಿಸಿದ ಶಾಲೆಗೆ ಅವರೇ ಮೊದಲ ಕಪ್ಪು ಟೀಚರಂತೆ. ಶನಿವಾರಗಳಂದು ಓಕ್‌ಲ್ಯಾಂಡಿನ ಚರ್ಚೊಂದರಲ್ಲಿ ಕಪ್ಪು ಸಮುದಾಯದ ಮಕ್ಕಳಿಗೆ ಓದು ಹೇಳಿಕೊಡುತ್ತಿದ್ದರು. ಶಾಲೆಯಲ್ಲಿ ಬಾಯೇ ಬಿಡದ ನನ್ನ ಮಗಳನ್ನೂ ಅಲ್ಲಿಗೆ ಕರೆದರು.

ಮೊದಲ ಶನಿವಾರ ನಾನೂ ಹೋಗಿದ್ದೆ. ಟೀಚರು ಕಥೆ ಓದಿ ಮುಗಿಸಿ, "ಇದರಲ್ಲಿ ನಿಂಗೆ ಯಾರು ಇಷ್ಟ?" ಎಂದು ಮಗಳನ್ನು ಕೇಳಿದರು. ಅವಳು ನೆಲ ನೋಡಿದಳು. ಎಂದಿನಂತೆ ನಾನೇ, "ಇವಳಿಗೆ ಕುರಿಮರಿ ಅಂದ್ರೆ ಇಷ್ಟ" ಎಂದೆ.

ಟೀಚರು ಕನ್ನಡಕ ತೆಗೆದು, ತೊಡೆಯ ಮೇಲೆ ಕೈಯಿಟ್ಟುಕೊಂಡರು. "ಅವಳೇ ಹೇಳ್ಲಿ. ನಂಗೇನೂ ಅವಸರ ಇಲ್ಲ, ಕಾಯ್ತೀನಿ."

ಯಾವ ಮಗು ತಡವರಿಸಿದರೂ ಅವರದು ಇದೇ ಮಾತು. ಉಳಿದ ಮಕ್ಕಳೂ ತೊಡೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಆ ಮೌನದಲ್ಲಿ ಬೆವರಿದವಳು ನಾನು. ಕೊನೆಗೆ ಮಗಳು ತಲೆಯೆತ್ತಿ, "ತೋಳ" ಎಂದಳು.

ನನ್ನ ಮಗಳ ಮನಸ್ಸು ನನಗೇ ಗೊತ್ತಾದದ್ದು ಆ ಪುಣ್ಯಾತ್ಗಿತ್ತಿಯಿಂದ.

ವಾಪಸು ಬರುವಾಗ ಕಾರಿನಲ್ಲಿ, "ಇಷ್ಟು ತಾಳ್ಮೆ ಹೇಗೆ ಬಂತು ಟೀಚರ್?" ಎಂದು ಕೇಳಿದೆ.

"ನಾನು ಕೆಲಸಕ್ಕೆ ಸೇರಿದಾಗ ಎಷ್ಟೋ ಅಪ್ಪ ಅಮ್ಮ ಮಕ್ಕಳನ್ನ ನನ್ನ ಕ್ಲಾಸಿಗೆ ಕಳಿಸ್ಲಿಲ್ಲ. ಬಾಗಿಲು ತೆಗೆದಿಟ್ಟು ಕಾದೆ" ಎನ್ನುತ್ತಾ, ಸುಲಿದ ಕಿತ್ತಳೆಯನ್ನು ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಕೊಟ್ಟರು.

ಹೋದ ವರ್ಷ ಅವರು ತೀರಿಕೊಂಡಾಗ ಅದೇ ಚರ್ಚಿನಲ್ಲಿ ಸೇರಿದ್ದೆವು. ಅವರ ಬಗ್ಗೆ ಮಾತಾಡಲು ಎದ್ದುನಿಂತ ಮಗಳಿಗೆ ಮಾತೇ ಹೊರಡಲಿಲ್ಲ. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಸುತ್ತ ನೋಡಿದೆ. ಅವರ ಹಳೆಯ ವಿದ್ಯಾರ್ಥಿಗಳು, ತಲೆ ನರೆತವರೂ ಸಹ, ಒಬ್ಬೊಬ್ಬರಾಗಿ ತೊಡೆಯ ಮೇಲೆ ಕೈಯಿಟ್ಟುಕೊಂಡರು.

ನಾನೂ ಇಟ್ಟುಕೊಂಡೆ.