ಮೂವರು ಮಾಸ್ತರರಿಗೆ ಸಿಗದ ಡಬ್ಬಿ

ಜನವರಿಯ ಒಂದು ರವಿವಾರ ಬೆಳಿಗ್ಗೆ ಆರೂವರೆಗೆ ನಾನು ಮತ್ತು ನಮ್ಮ ಅತ್ತೆ ಗಂಗಮ್ಮ ಗುಲಬರ್ಗಾ ನಿಲ್ದಾಣದಲ್ಲಿ ಆಳಂದದ ಬಸ್ಸು ಹತ್ತಿದೆವು. ಎಂಬತ್ತರ ದಶಕದ ನಡುವಿನ ಮಾತು. ತಲಾ ನಾಲ್ಕು ರೂಪಾಯಿ ಚಿಲ್ಲರೆ ಟಿಕೀಟು, ನಲವತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿ. ಕಿಟಕಿಯ ಗಾಜು ಏರುತ್ತಿರಲಿಲ್ಲ. ಅತ್ತೆ ಸೆರಗನ್ನು ಕಿವಿಯ ಮೇಲೆ ಬಿಗಿದುಕೊಂಡು ಕುಳಿತರು. ನನಗೆ ಚಳಿಯ ಪರಿವೆಯೇ ಇರಲಿಲ್ಲ, ಆರು ತಿಂಗಳ ಸಿಟ್ಟು ಮೈ ಬೆಚ್ಚಗಿಟ್ಟಿತ್ತು.

ಸಿಟ್ಟಿನ ಕಾರಣ ಹೇಳಿಬಿಡುತ್ತೇನೆ. ನಾನು ಭೂಗೋಳ ಕಲಿಸುವ ಶಾಲೆಯಲ್ಲಿ ಚಿತ್ರಕಲೆಯ ಗುರುನಾಥಪ್ಪ ಮಾಸ್ತರರು ಒಂದು ಆಟ ಹೂಡಿದ್ದರು. ಹಳೆಯ ಗುಡಿ, ಕೋಟೆ, ಶಾಸನ ಇರುವ ಯಾವುದಾದರೂ ಸಣ್ಣ ಊರಿನಲ್ಲಿ ಒಂದು ತಗಡಿನ ಡಬ್ಬಿ ಬಚ್ಚಿಡುವುದು, ಊರಿನ ಹೆಸರನ್ನೂ ಸುಳಿವನ್ನೂ ಕಾರ್ಡಿನ ಮೇಲೆ ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸುವುದು. ಡಬ್ಬಿಯಲ್ಲಿ ಒಂದು ನೋಟುಬುಕ್ಕು, ಒಂದು ಪೆನ್ಸಿಲು. ಹುಡುಕಿದವರು ಅದರಲ್ಲಿ ಹೆಸರು ಬರೆಯಬೇಕು. ಹಾಗೆ ಹೆಸರು ಬರೆದವರಿಗೆ ಮುಂದಿನ ಡಬ್ಬಿ ಬಚ್ಚಿಡುವ ಹಕ್ಕು. ಊರು ಬದಲಾದರೂ ನೋಟುಬುಕ್ಕು ಅದೇ, ಮೂರು ವರ್ಷದಲ್ಲಿ ಅದರಲ್ಲಿ ಏಳು ಹೆಸರು ಬಿದ್ದಿದ್ದವು, ಏಳೂ ಗಂಡಸರವು. ನಾನೂ ಬರುತ್ತೇನೆಂದಾಗ ವಿಜ್ಞಾನದ ಮಾಸ್ತರರು, "ನಿಮಗ್ಯಾಕ್ರಿ ಅಕ್ಕೋರ ಈ ಉಸಾಬರಿ? ಹಾದಿ ತಪ್ಪಿದ್ರ ನಿಮ್ಮನ್ನ ಹುಡುಕಾಕ ನಾವು ಹೋಗಬೇಕಾಗ್ತದ" ಎಂದು ನಕ್ಕರು. ಹತ್ತು ವರ್ಷದಿಂದ ಮಕ್ಕಳಿಗೆ ನಕಾಶೆ ಓದಿಸುವವಳಿಗೆ ಈ ಮಾತು! ಆ ವರ್ಷ ಮಳೆಗಾಲದಲ್ಲಿ ಸರದಿಯಂತೆ ಗುರುನಾಥಪ್ಪ ಮಾಸ್ತರರೇ ಬಚ್ಚಿಟ್ಟಿದ್ದ ಡಬ್ಬಿಗೆ ಹೋದ ಮೂವರು ಮಾಸ್ತರರೂ ಬರಿಗೈಯಲ್ಲಿ ಬಂದಾಗ, ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು. ಸುಳಿವನ್ನು ನಕಲು ಮಾಡಿಕೊಂಡೆ. ಒಬ್ಬಳೇ ಹೋಗುವುದು ಬೇಡವೆಂದು ಅತ್ತೆ ತಾವೇ ಹೊರಟು ನಿಂತರು.

ಆಳಂದದಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಚಹಾ ಕುಡಿದೆವು. ಮಟಕಿ ಎಂಬ ಊರಿನ ಕಡೆಗೆ ಹೊರಟಿದ್ದ ಟೆಂಪೋ ನಮ್ಮನ್ನು ಒಂದು ಕವಲುದಾರಿಯಲ್ಲಿ ಇಳಿಸಿತು. ಅಲ್ಲಿಂದ ಎರಡು ಮೈಲಿ ನಡಿಗೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅಲ್ಲಿ ನಮ್ಮ ಆಟ ಇನ್ನೂ ಮುಗಿದಿಲ್ಲ. ದಾರಿಯ ಎರಡೂ ಕಡೆ ಜೋಳ ತೆನೆ ಹಿರಿದು ನಿಂತಿತ್ತು, ತೊಗರಿ ಕೊಯ್ದ ಹೊಲಗಳು ಬೋಳಾಗಿದ್ದವು. ಒಬ್ಬ ರೈತ ನಮ್ಮನ್ನು ಕರೆದು ಬಿಸಿ ಸೀತನಿ ಕೈಗೆ ಸುರಿದ. ಸುಟ್ಟ ಹಸಿ ಜೋಳದ ಆ ಹಾಲುಕಾಳನ್ನು ಊದಿ ಊದಿ ತಿನ್ನುತ್ತ ಅತ್ತೆ, "ಡಬ್ಬಿ ಸಿಗದಿದ್ರೂ ಬಂದದ್ದು ಸಾರ್ಥಕ ಆತು" ಎಂದರು. ನಾನು ಒಪ್ಪಲಿಲ್ಲ.

ಒಂಬತ್ತೂವರೆಗೆ ಊರ ಅಗಸಿ ಮುಟ್ಟಿದೆವು. ಎರಡಾಳೆತ್ತರದ ಕಲ್ಲಿನ ಹೆಬ್ಬಾಗಿಲು. ಕದ ಯಾವಾಗಲೋ ಹೋಗಿದೆ, ಕದದ ಗೂಟ ತಿರುಗುತ್ತಿದ್ದ ಕುಳಿ ಮಾತ್ರ ಉಳಿದಿದೆ. ಸುಳಿವು ಹೀಗಿತ್ತು: ಅಗಸಿಯಿಂದ ಹುಡೇವಿಗೆ ಹೋಗು, ಅದರ ಬೆಳಗಿನ ನೆರಳು ಬೀಳುವ ಕಡೆ ನೂರು ಹೆಜ್ಜೆ ನಡೆ, ಕುದುರೆಯಿಂದ ಇಳಿಯದವನ ಬೆನ್ನ ಹಿಂದೆ ನೋಡು. ಹುಡೇವು ಎಂದರೆ ಊರ ಕಾವಲಿನ ದುಂಡು ಬುರುಜು. ಮುರಿದ ಮೆಟ್ಟಿಲು ಹಿಡಿದು ಅದರ ನೆತ್ತಿಯವರೆಗೂ ಹತ್ತಿದೆ. ಭೂಸನೂರಿನ ದಿಕ್ಕಿಗೆ ಕಬ್ಬಿನ ಹಸಿರು, ಉಳಿದದ್ದೆಲ್ಲ ಕರಿನೆಲ. ಕೆಳಗೆ ಪಡುವಣ ಬದಿಗೆ ಒಂದು ಹಳೆಯ ಮೆಟ್ಟಿಲಬಾವಿ, ಅದರ ಪಕ್ಕಕ್ಕೆ ಒಂದು ವೀರಗಲ್ಲು. ಇಳಿದು ಹೆಜ್ಜೆ ಎಣಿಸಿದೆ. ನೂರಕ್ಕೆ ಮೂರು ಕಡಿಮೆ ಇರುವಾಗಲೇ ಕಲ್ಲು ಸಿಕ್ಕಿತು. ಕುದುರೆಯ ಮೇಲೆ ಕತ್ತಿ ಹಿರಿದ ವೀರ, ಮೇಲಿನ ಅಂಕಣದಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು.

ಬೆನ್ನ ಹಿಂದೆ ಡಬ್ಬಿ ಇರಲಿಲ್ಲ. ಮಾಸ್ತರರು ಯಾರೋ ಗುದ್ದಲಿ ಹಾಕಿ ಕೆದರಿದ ಗುಂಡಿ ಇತ್ತು. ನಾನು ಸುತ್ತಲಿನ ಕಲ್ಲು, ಪೊದೆ, ಬಾವಿಯ ಗೂಡು ಒಂದೊಂದನ್ನೂ ತಡಕಿದೆ. ಹನ್ನೊಂದು ದಾಟಿತು. ನಾಲ್ಕನೆಯವಳಾಗಿ ಬರಿಗೈಯಲ್ಲಿ ಸ್ಟಾಫ್ ರೂಮು ಹೊಗುವುದನ್ನು ನೆನೆದು ಅದೇ ಕಲ್ಲುಗಳನ್ನು ಮತ್ತೊಮ್ಮೆ ತಡಕಿದೆ. ಅತ್ತೆಯನ್ನು ನೋಡಿದರೆ ಅವರು ಬಾವಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರ ನಡುವೆ ತವರುಮನೆಗೆ ಬಂದವರ ಹಾಗೆ ಕುಳಿತು ಹರಟುತ್ತಿದ್ದರು. ನನಗೆ ರೇಗಿತು.

ಅಷ್ಟರಲ್ಲಿ ಅತ್ತೆ ಕೈಬೀಸಿ ಕರೆದರು. "ಇಲ್ಲಿ ಮಾಸ್ತೆವ್ವ ಇದ್ದಾಳಂತ. ಕುಂಕುಮ ಹಚ್ಚಿ ಬರೋಣು ಬಾರಬೇ."

ಬಾವಿಯ ಆಚೆ ಬೇವಿನ ಬುಡದಲ್ಲಿ ಒಂದು ಮಾಸ್ತಿಕಲ್ಲು ಇತ್ತು. ಗಂಡನ ಚಿತೆಯೇರಿದವಳ ನೆನಪಿನ ಕಲ್ಲು. ಬಳೆ ತುಂಬಿದ ಮೇಲೆತ್ತಿದ ಕೈ, ಅದರ ಬುಡಕ್ಕೆ ಹೆಂಗಸರು ಇಟ್ಟ ಹಸಿರು ಬಳೆ, ಎಲೆ ಅಡಿಕೆ. ಅವುಗಳ ನಡುವೆ ಕೆಂಪು ಖಣದಲ್ಲಿ ಬಿಗಿದು ಕಟ್ಟಿದ ಒಂದು ಚೌಕ ಗಂಟು, ಮೇಲೆ ಬೆರಳು ದಪ್ಪ ಕುಂಕುಮ. ಖಣದ ಹರಿದ ಮೂಲೆಯಲ್ಲಿ ತಗಡು ಮಿಂಚಿತು.

ನಾನು ಕೈ ಚಾಚಿದ್ದೇ ತಡ, ನಮ್ಮ ಜೊತೆ ಬಂದಿದ್ದ ಹಿರಿಯ ಹೆಂಗಸು ಶರಣಮ್ಮ ತಡೆದಳು. "ಮುಟ್ಟಬ್ಯಾಡ್ರೀ. ಯಾರೋ ಹೆಣ್ಮಗಳು ಹರಕಿ ಹೊತ್ತು ಅವ್ವನ ಉಡಿಗೆ ಇಟ್ಟಾಳ. ಪಾಪ, ತಿಳೀದ ಕುದುರಿ ಕಲ್ಲಿನ ಹಿಂದ ಇಟ್ಟು ಹೋಗಿದ್ಲು. ಮಳಿಗೆ ತೋಯ್ತದಂತ ನಾನೇ ತಂದು ಅವ್ವನ ಮುಂದ ಇಟ್ಟೇನಿ. ಕಟ್ಟಿದಾಕಿನೇ ಬಂದು ಬಿಚ್ಚಬೇಕು."

"ಮೂರು ಮಂದಿ ಮಾಸ್ತರಗೋಳು ಬಂದಿದ್ರಲ್ಲ, ಅವ್ರಿಗೆ ಯಾಕ ಹೇಳ್ಲಿಲ್ಲ?" ಎಂದೆ.

"ಮತ್ತೊಬ್ಬಾಕಿ ಹರಕಿ ಗಂಡಸರ ಮುಂದ ಆಡ್ತಾರೇನ್ರಿ? ಗೊತ್ತಿಲ್ಲ ಅಂದ್ವಿ."

ಎಲ್ಲ ಅರ್ಥವಾಯಿತು. ಗುರುನಾಥಪ್ಪ ಮಾಸ್ತರರು ನೀರು ತಾಗದಿರಲೆಂದು ಮನೆಯಲ್ಲಿ ಕೈಗೆ ಸಿಕ್ಕ ಕುಪ್ಪಸದ ಖಣವನ್ನೇ ಡಬ್ಬಿಗೆ ಸುತ್ತಿದ್ದರು! ಅತ್ತೆ ನನ್ನ ತೋಳು ಚಿವುಟಿ, "ನಂದೇ ಹರಕಿ ಅಂದುಬಿಡು" ಎಂದು ಪಿಸುಗುಟ್ಟಿದರು. ಒಂದು ಕ್ಷಣ ಮನಸ್ಸು ಆ ಕಡೆ ವಾಲಿತು. ಆದರೆ ಆರು ತಿಂಗಳು ಯಾರದೋ ಹರಕೆಯನ್ನು ಕಾದವಳ ಮುಖ ನೋಡಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಆಟದ ಕಥೆ ಇದ್ದದ್ದು ಇದ್ದ ಹಾಗೆ ಹೇಳಿದೆ, ವಿಜ್ಞಾನದ ಮಾಸ್ತರರ ನಗೆಯನ್ನೂ ಬಿಡಲಿಲ್ಲ. "ಒಳಗ ಒಂದು ನೋಟುಬುಕ್ಕ ಅದ, ಅದರಾಗ ಏಳು ಗಂಡಸರ ಹೆಸರವ. ಬೇರೆ ಏನರ ಇದ್ರ ನಾ ಮುಟ್ಟಂಗಿಲ್ಲ" ಎಂದೆ.

ಶರಣಮ್ಮ ಮಾಸ್ತೆವ್ವನಿಗೆ ಕೈಮುಗಿದು ತಾನೇ ಗಂಟು ಬಿಚ್ಚಿದಳು. ನೋಟುಬುಕ್ಕು ಹೊರಬಂತು. ನಾನು ಹೆಸರುಗಳನ್ನು ಓದಿದೆ. ಏಳನೆಯದು ಮುಗಿಯುವಷ್ಟರಲ್ಲಿ ಬಾವಿಯ ಕಡೆಯಿಂದ ಇನ್ನೂ ಮೂವರು ಹೆಂಗಸರು ಬಂದು ಸೇರಿದ್ದರು.

"ಅಯ್ಯ ಶಿವನ! ಆರು ತಿಂಗಳಿಂದ ನಾವು ಮಾಸ್ತರಗೋಳ ಹೆಸರಿಗೆ ಕುಂಕುಮ ಹಚ್ಚಾಕತ್ತೇವಿ!" ಎಂದಳು ಶರಣಮ್ಮ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆಯಂತೂ ಕೆಳಗೇ ಕುಳಿತುಬಿಟ್ಟರು.

ನಗು ನಿಂತ ಮೇಲೆ ಶರಣಮ್ಮ ತೀರ್ಪು ಕೊಟ್ಟಳು. "ಖಣ ಅವ್ವಗ ಇರ್ಲಿ. ಡಬ್ಬಿ ನೀವು ಒಯ್ರಿ. ಖರೇ ಹೇಳ್ರಿ ಅಕ್ಕೋರ, ಹುಡುಕಿದಾವ್ರು ಹೆಸರು ಬರೀಬೇಕು ಅಂದ್ರಲ್ಲ? ಮೊದಲ ಹುಡುಕಿದಾಕಿ ನಾನು. ಕಾದಾವ್ರು ಇವ್ರು. ಬರ್ಕೋರಿ ನಮ್ಮ ಹೆಸರು."

ನ್ಯಾಯದ ಮಾತು. ಎಂಟನೆಯ ಹೆಸರು ಶರಣಮ್ಮನದು ಬರೆದೆ, ಆಮೇಲೆ ಉಳಿದ ಮೂವರದು, ಆಮೇಲೆ ಅತ್ತೆಯದು. ಕೊನೆಗೆ ನನ್ನದು. ಶರಣಮ್ಮನ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಉಂಡು ಎರಡು ಗಂಟೆಗೆ ಹೊರಟೆವು. ಅವರೆಲ್ಲ ಅಗಸಿಯವರೆಗೆ ಬಂದು ಬೀಳ್ಕೊಟ್ಟರು. ಆಳಂದದಿಂದ ಮರಳುವ ಬಸ್ಸಿನಲ್ಲಿ ಅತ್ತೆ ಈ ಕಥೆಯನ್ನು ಕಂಡಕ್ಟರನಿಗೂ ಸೇರಿ ಮೂರು ಸಲ ಹೇಳಿದರು.

ಸೋಮವಾರ ಪ್ರಾರ್ಥನೆಗೆ ಮೊದಲೇ ಕುಂಕುಮ ಮೆತ್ತಿದ ಡಬ್ಬಿಯನ್ನು ಸ್ಟಾಫ್ ರೂಮಿನ ಮೇಜಿನ ನಡುವೆ ಇಟ್ಟೆ. ವಿಜ್ಞಾನದ ಮಾಸ್ತರರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು. ಗುರುನಾಥಪ್ಪ ಮಾಸ್ತರರು ನೋಟುಬುಕ್ಕು ತೆರೆದು ಹೆಸರುಗಳ ಮೇಲೆ ಬೆರಳಾಡಿಸಿದರು.

"ಇವ್ರೆಲ್ಲ ಯಾರ್ರಿ ಅಕ್ಕೋರ?"

"ಹುಡುಕಿದಾವ್ರು ಸರ್."

"ಆರು ಮಂದಿ! ಅಂದ್ರ ಮುಂದಿನ ಆರು ಡಬ್ಬಿ..."

"ಹೌದ್ರಿ ಸರ್, ಆರೂ ನಾವೇ ಇಡ್ತೇವಿ. ನೀವೆಲ್ಲ ಹುಡುಕಾಕ ತಯಾರಾಗ್ರಿ."