ತಮ್ಮನ ಹೊಟ್ಟೆಯ ಮೇಲಿನ ಬರೆ

ಬೆಳಿಗ್ಗೆ ಆನವಟ್ಟಿಯಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದಲ್ಲೇ ಯಾರೋ ಕುರಿ ತಲೆ ಸುಡುತ್ತಿದ್ದರು. ಕೂದಲು, ಚರ್ಮ ಸುಟ್ಟ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಏಳು ವರ್ಷದವಳಾದೆ.

ಆಗ ನನ್ನ ತಮ್ಮ ಹದಿನೈದು ದಿನದ ಕೂಸು. ಕಣ್ಣು, ಮೈಯೆಲ್ಲ ಹಳದಿ. ಕಾಮಾಲೆ, ಬರೆ ಹಾಕಿದರೆ ಇಳಿಯುತ್ತೆ ಅಂತ ಅಜ್ಜಿ, ಕುರಿಗಳಿಗೆ ಬರೆ ಹಾಕುವ ಕಬ್ಬಿಣದ ಕಡ್ಡಿಯನ್ನೇ ಒಲೆಗಿಟ್ಟಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಿಲಿಗೆ ಹೋದಳು.

"ಕಾಲು ಗಟ್ಟಿ ಹಿಡ್ಕ, ಬಿಡಬ್ಯಾಡ" ಅಂದಳು ಅಜ್ಜಿ.

ನಾನು ಬಿಡಲಿಲ್ಲ.

ಕಾಮಾಲೆ ತಾನಾಗೇ ಇಳಿಯುತ್ತಿತ್ತೇನೋ, ಹೆಸರು ಬಂದದ್ದು ಬರೆಗೆ. ಸುಟ್ಟಲ್ಲಿ ಮೊದಲು ಗುಳ್ಳೆ ಎದ್ದಿತು. ಒಡೆದು ನೀರು ಸೋರಿತು, ಹಕ್ಕಳೆ ಕಟ್ಟಿ ಉದುರಿತು. ಅಡಿಯಿಂದ ಬಂದ ಕೆಂಪು ಚರ್ಮ ಹಗ್ಗದ ಹಾಗೆ ಉಬ್ಬಿಕೊಂಡಿತು. ಬೇಸಿಗೆಯಲ್ಲಿ ಅದನ್ನು ಕೆರೆದುಕೊಂಡು ಅಳುತ್ತಿದ್ದ. ಆಮೇಲೆ ಬೆಳ್ಳಗಾಯಿತು, ನುಣ್ಣಗಾಯಿತು. ಮಾಸುತ್ತೆ ಬಿಡು ಅಂದರು ಎಲ್ಲರೂ. ಎಲ್ಲಿ ಮಾಸಿತು? ಅವನ ಜೊತೆಗೇ ಬೆಳೆಯಿತು. ಬೆರಳ ಗೆಣ್ಣಿನಷ್ಟಿದ್ದದ್ದು ಈಗ ಬೆರಳುದ್ದ ಆಗಿದೆ.

ಅವನಿಗೆ ಏನೂ ನೆನಪಿಲ್ಲ. "ಅಜ್ಜಿ ಹಾಕಿದ ಬರೆ" ಅಂತ ನಗುತ್ತಾನೆ. ಕಾಲು ಹಿಡಿದವರು ಯಾರು ಅಂತ ಅವನು ಕೇಳಿಲ್ಲ, ನಾನೂ ಹೇಳಿಲ್ಲ.

ಈಗ ಅವನ ಕೂಸಿಗೂ ಕಣ್ಣು ಹಳದಿ. ಮನೆಯಲ್ಲಿ ಯಾರ ಮಾತೂ ಕೇಳದೆ ಇವತ್ತು ಸೀದಾ ಶಿಕಾರಿಪುರದ ಆಸ್ಪತ್ರೆಗೆ ತಂದ, ಜೊತೆಗೆ ನನ್ನನ್ನೂ ಕರೆದುಕೊಂಡು. ರಕ್ತ ತೆಗೆಯಲು ಬಂದ ನರ್ಸ್, "ಯಾರಾದ್ರೂ ಕಾಲು ಹಿಡ್ಕಳ್ರೀ" ಅಂದರು.

"ಅಕ್ಕ, ನೀನೇ ಹಿಡ್ಕ" ಅಂದ ತಮ್ಮ. "ನಿನ್ನ ಕೈಯಾದ್ರೆ ನಂಗೆ ಭಯ ಇಲ್ಲ."