ಬಂದವರ ಬಿಂದಿಗಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕ ಹೋಗೋ ರಸ್ತಾಕ್ಕ ಹತ್ತಿಕೊಂಡೇ ಮಾಣಿಕಮ್ಮನ ಮನಿ ಅದ. ಎಮ್ಮಿ ಕಟ್ಟಿ, ಹಾಲು ಮಾರಿ ಬದುಕೋ ಮನಿ. ಕೊಡಂಬಲದಿಂದ ಸೊಸಿಯಾಗಿ ಬಂದು ಮೂವತ್ತೆರಡು ವರ್ಷ ಆತು. ಇಷ್ಟು ವರ್ಷದಾಗ ಆಕಿ ಬಾಗಲಿಗ ಬಂದು ನೀರು ಕೇಳಿದವರು ಒಬ್ಬರೂ ಒಣ ಬಾಯಿಲೆ ಹೋಗಿಲ್ಲ. ಲಾರಿ ಡ್ರೈವರ್ ಇರಲಿ, ರಾಜೇಶ್ವರದ ಬಸ್ ತಪ್ಪಿಸಿಕೊಂಡು ನಿಂತವರಿರಲಿ, ಬಾಟ್ಲಿ ಚಾಚಿದ್ರ ಸಾಕು. ಯಾವ ಊರು, ಯಾರ ಪೈಕಿ ಅಂತ ಒಂದು ಮಾತು ಕೇಳಾಕಿ ಅಲ್ಲ, ತುಂಬಿ ಕೊಡಾಕಿ.

ಆ ನೀರು ಇರೋದು ಬಾಗಲ ಕಟ್ಟಿ ಮ್ಯಾಲಿನ ತಾಮ್ರದ ಬಿಂದಿಗಿಯೊಳಗ. ಅದಕ್ಕ "ಬಂದವರ ಬಿಂದಿಗಿ" ಅಂತಲೇ ಹೆಸರು. ಮನಿ ಮಂದಿ ಅದಕ್ಕ ಕೈ ಹಚ್ಚಂಗಿಲ್ಲ. ಅತ್ತಿ ಹಾಕಿಕೊಟ್ಟ ಪದ್ಧತಿ. ಗಂಡ ಪಂಡರಿ ಒಂದು ಸಲ ಬಿಸಿಲಾಗ ಎಮ್ಮಿ ಹೊಡಕೊಂಡು ಬಂದವನೇ ಅದರಾಗಿಂದ ಒಂದು ತಂಬಗಿ ನೀರು ಎತ್ತಿದ. "ನೀ ಏನು ಬೀಗರೇನು?" ಅಂತ ಮಾಣಿಕಮ್ಮ ತಂಬಗಿ ಕಸಕೊಂಡಿದ್ದಳು. ಓಣಿ ಮಂದಿ ಇನ್ನೂ ಪಂಡರಿಗ "ಬೀಗರ, ಬರ್ರಿ" ಅಂತ ಚೇಷ್ಟಿ ಮಾಡ್ತಾರ.

ಆಗ ಬಿಂದಿಗಿಗೂ, ಅಡಗಿಗೂ, ಎಮ್ಮಿಗೂ ಎಲ್ಲಾಕ್ಕೂ ಹಿತ್ತಲ ಬಾವಿ ನೀರೇ. ಮಾವ ತೋಡಿಸಿದ ಬಾವಿ, ಹಿತ್ತಲ ಹಿಂದ ಹರಿಯೋ ನಾಲಾದ ದಂಡಿಗಿನದು. ಸಕ್ಕರಿ ಹಾಕಿದಂಥಾ ನೀರು ಅಂತ ಲಾರಿಯವರು ಹೇಳಿ ಹೋಗ್ತಿದ್ರು.

ಆಮ್ಯಾಲ ನಾಲಾದ ಮ್ಯಾಲಕಡಿ ಔಷಧದ ಪುಡಿ ಮಾಡೋ ಫ್ಯಾಕ್ಟರಿ ಬಂತು. ದೇಶದ ಮಂದಿ ಬ್ಯಾನಿ ಕಳ್ಯೋ ಗುಳಗಿಗ ಇಲ್ಲಿಂದಲೇ ಪುಡಿ ಹೋಗ್ತದಂತ. ಹೋಗಲಿ ಬಿಡ್ರಿ, ಯಾರ ಬ್ಯಾನಿಯರೆ ಕಳೀಲಿ. ಆದ್ರ ಅದರ ಹೊಲಸು ಎಲ್ಲಿ ಹೋಗಬೇಕು? ಮಳಿ ಜೋರು ಹಿಡಿಯೋದೇ ತಡ, ಪೈಪಿನ ಬಾಯಿ ನಾಲಾಕ್ಕ ತಗದು ಬಿಡ್ತಿದ್ರು. ಮಳಿ ನೀರಿನ ಜೋಡಿ ಹರದು ಹೋದ್ರ ಯಾರಿಗ ಗೊತ್ತಾಗ್ತದ ಅಂತ! ಎಂಥಾ ಶಾಣ್ಯಾರು! ಅವರ ಮನ್ಯಾಗ ಮಾತ್ರ ಫಿಲ್ಟರ್ ನೀರು ಇರಬೇಕು.

ಗೊತ್ತಾಗಿದ್ದು ಮೊದಲ ಎಮ್ಮಿಗ. ನೀರು ಕುಡ್ಯೋ ಕಲ್ಲ ದೋಣಿಗ ಮೂತಿ ಇಟ್ಟು, ಮೂಸಿ, ಹಿಂದಕ್ಕ ಸರದು ನಿಂತವು. ಬರಬರತ ಬಾವಿ ನೀರು ಚಹಾದ ಬಣ್ಣಕ್ಕ ತಿರುಗಿತು, ಮ್ಯಾಲ ಬುರುಗು, ಸುಟ್ಟ ಟಾಯರಿನ ನಾತ. ಬ್ಯಾಸಗಿಯಾಗ ದಾಹ ತಡೀಲಾರದೆ ಎಮ್ಮಿ ಅದನ್ನೇ ಕುಡದವು. ಒಂದು ಹೊಟ್ಟಿ ಉಬ್ಬಿ ಸತ್ತಿತು. ಇನ್ನೊಂದು ಸತ್ತ ಕರಾ ಹಾಕಿತು. ಮಗಳು ಸಪ್ನಾನ ಕೈ ಮ್ಯಾಲ ಕೆಂಪು ಗಂಧಿ ಎದ್ದವು. ಡೈರಿಯವ ಹಾಲು ಮೂಸಿ ನೋಡಿ ಕ್ಯಾನ್ ವಾಪಸ್ ಕಳಿಸಿದ.

ಅವತ್ತಿನಿಂದ ಮಾಣಿಕಮ್ಮ ಒಂದೂವರಿ ಮೈಲು ದೂರದಾಗ ದತ್ತು ಅನ್ನೋ ರೈತನ ಹೊಲದ ಬೋರ್‌ನಿಂದ ನೀರು ಹೊರಾಕ ಸುರು ಮಾಡಿದಳು. ಮೊದಲನೇ ಕೊಡ ಬಂದವರ ಬಿಂದಿಗಿಗೇ.

"ಎವ್ವಾ, ಮೊದಲ ಮನಿಯವರು ಕುಡೀಬಾರದೇನು?" ಅಂತ ಸಪ್ನಾ ಸಿಟ್ಟಾದಳು.

"ಬಾಗಲಿಗ ಬಂದವರಿಗ ವಿಷ ಕುಡಸ್ಲ್ಯಾ?" ಅಂದಳು ಮಾಣಿಕಮ್ಮ.

ಸಪ್ನಾನ ಕೈಲೆ ಅರ್ಜಿ ಬರಸಿಕೊಂಡು ಆಫೀಸಿಗ ನಾಕು ಸಲ ಅಡ್ಡಾಡಿದಳು. ಯಾವ ಆಫೀಸು ಅಂತ ಹೆಸರು ಹೇಳಿ ನಮಗೇನು ಆಗಬೇಕಾಗ್ಯಾದ, ಬಿಡ್ರಿ. ಕುರ್ಚಿ ಮ್ಯಾಲಿನ ಸಾಹೇಬ ಹೇಳಿದ್ದು ಒಂದೇ ಮಾತು: "ನೀರು ಕೆಟ್ಟದ ಅಂತ ರಿಪೋರ್ಟ್ ಬರಬೇಕ್ರಿ. ಬಂದ್ರ ಆ ಪೈಪು ಬಂದ್ ಮಾಡಸ್ತೀವಿ, ನಿಮ್ಮ ಓಣಿಗ ಟ್ಯಾಂಕರ್ ಚಾಲೂ. ನಾವೇ ಬಂದು ನೀರು ಒಯ್ತೀವಿ."

ಬರ್ತಾರಂತ ಗೊತ್ತಾದ ದಿನ ಮಾಣಿಕಮ್ಮ ಬಾವಿ ದಾರಿ ಹಸನ ಮಾಡಿದಳು. ಬಕೀಟಿಗ ಹೊಸ ಹಗ್ಗ ಕಟ್ಟಿದಳು. ಮಧ್ಯಾಹ್ನ ಜೀಪು ಬಂತು. ಹಿಂದಿನ ದಿನ ಮಳಿ ಆಗಿ ಹಿತ್ತಲೆಲ್ಲಾ ರಾಡಿ. ಸಾಹೇಬ ಕೆಳಗ ಇಳೀಲೇ ಇಲ್ಲ. ಬೂಟು ಹೊಲಸ ಆಗ್ತಾವಲ್ಲ! ಫೋನ್ ಕಿವಿಗ ಹಚ್ಚಿಕೊಂಡೇ ಡ್ರೈವರ್‌ಗ ಕೈ ಸನ್ನಿ ಮಾಡಿದ. ಡ್ರೈವರ್ ಎರಡು ಖಾಲಿ ಬಾಟ್ಲಿ ಹಿಡಕೊಂಡು ಬಾಗಲಿಗ ಬಂದು, "ಅವ್ವಾ, ತುಂಬಿ ಕೊಡ್ರಿ" ಅಂದ.

ಮಾಣಿಕಮ್ಮ ತುಂಬಿ ಕೊಟ್ಟಳು. ಮೂವತ್ತೆರಡು ವರ್ಷದಿಂದ ಬಾಗಲಿಗ ಬಂದ ಬಾಟ್ಲಿ ಯಾವುದರಿಂದ ತುಂಬಿದ್ದಳೋ ಅದರಿಂದಲೇ. ಬಿಸಿಲಾಗ ಬಂದಾರ, ದಾಹ ಆಗಿರಬೇಕು, ಕುಡದು ಆಮ್ಯಾಲ ಬಾವಿ ನೋಡ್ತಾರ ಅಂತ ಆಕಿ ಲೆಕ್ಕ. ಡ್ರೈವರ್ ಒಂದು ಕಾಗದಕ್ಕ ಸಹಿ ಹಾಕಿಸಿಕೊಂಡ. ಆಕಿ ಹಗ್ಗ ಹಿಡಕೊಂಡು ಬಾವಿ ಕಡಿ ಹೊಳ್ಳೋದ್ರಾಗ ಜೀಪು ರಸ್ತಾ ಹಿಡದಿತ್ತು. "ಸಾಹೇಬ್ರ, ಬಾವಿ ಇಲ್ಲಿ ಅದರಿ!" ಅಂತ ಕೂಗಿದಳು. ಯಾರು ಕೇಳಬೇಕು?

ತಿಂಗಳ ಮ್ಯಾಲ ರಿಪೋರ್ಟ್ ಬಂತು. ಸಪ್ನಾ ಓದಿದಳು: "ಮಾಣಿಕಮ್ಮ ಗಂಡ ಪಂಡರಿ ಇವರ ಬಾವಿಯ ನೀರು ಕುಡಿಯಲು ಯೋಗ್ಯವಾಗಿದೆ."

ಮಾಣಿಕಮ್ಮ ಕಟ್ಟಿ ಮ್ಯಾಲಿನ ಬಿಂದಿಗಿ ನೋಡಿದಳು. ಹಣಿ ಹಣಿ ಬಡಕೊಂಡಳು. "ಅಯ್ಯ ನನ್ನ ಕರ್ಮವೇ, ನನ್ನ ಕೈಲೇ ನನ್ನ ಮನಿ ಮುರಕೊಂಡೆ!"

ಏನು ಮುರಕೊಂಡಳು? ಬಾಗಲಿಗ ಬಂದವರಿಗ ಚೊಲೋ ನೀರು ಕೊಟ್ಟಿದ್ದು ತಪ್ಪೇನ್ರಿ? ಪಗಾರ ತಿಂದು, ಇಪ್ಪತ್ತು ಹೆಜ್ಜಿ ನಡದು ಬಾವಿಗ ಬಗ್ಗಿ ನೋಡದವನ ತಪ್ಪು ಯಾವ ಕಾಗದದಾಗೂ ಬರಲಿಲ್ಲ. ಟ್ಯಾಂಕರಿನ ಮಾತೇ ನಿಂತು ಹೋತು. ಫ್ಯಾಕ್ಟರಿಯವರು ಆ ರಿಪೋರ್ಟಿನ ಝೆರಾಕ್ಸ್ ಮಾಡಿಸಿ ತಮ್ಮ ಗೇಟಿಗ ಅಂಟಿಸಿದ್ರು. ನಾಚಿಕಿ ಅನ್ನೋದು ಒಂದು ಇರಬೇಕಲ್ಲ!

ಮರುದಿನ ಮಾಣಿಕಮ್ಮ ಹಾಲಿನ ಕ್ಯಾನಿನಾಗ ಬಾವಿ ನೀರು ತುಂಬಿಕೊಂಡು ಬಸ್ ಹತ್ತಿದಳು. ಸಾಹೇಬನ ಟೇಬಲ್ ಮ್ಯಾಲ ಕ್ಯಾನ್ ಇಟ್ಟು ಮುಚ್ಚಳ ತಗದಳು. ಸಾಹೇಬ ಮೂಗಿಗ ದಸ್ತಿ ಹಿಡದ.

"ಮೊದಲ ಮುಚ್ರಿ ಅದನ್ನ! ಏನು ನಾತ!"

"ಮೂಗು ಮುಚಗೊಂಡ್ರಲ್ಲಾ, ಅದನ್ನೇ ಬರಕೊಳ್ರಿ ರಿಪೋರ್ಟಿನ್ಯಾಗ. ಅವತ್ತು ನಾ ಕೊಟ್ಟಿದ್ದು ಬಾವಿ ನೀರಲ್ಲ, ದತ್ತುನ ಬೋರಿಂದು."

"ನೀವೇ ಹೊತಗೊಂಡು ಬಂದ ನೀರು ನಡ್ಯಂಗಿಲ್ಲವ್ವಾ. ನಮ್ಮವರೇ ಬಂದು ತಗೋಬೇಕು, ಅದು ಕಾನೂನು."

ಮಾಣಿಕಮ್ಮಗ ಮೈಯೆಲ್ಲಾ ಉರೀತು. "ಅವತ್ತು ನಾನೇ ತುಂಬಿ ಕೊಟ್ಟ ನೀರು ನಡೀತು. ಇವತ್ತು ನಾನೇ ತಂದ ನೀರು ನಡ್ಯಂಗಿಲ್ಲೇನ್ರಿ? ಕಾನೂನು ನಿಮ್ಮ ಬೂಟಿನ್ಯಾಗ ಅದ ಏನು, ರಾಡಿ ಕಂಡ್ರ ಇಳ್ಯಂಗಿಲ್ಲಾ?"

"ಆರು ತಿಂಗಳು ಬಿಟ್ಟು ಬರ್ರಿ, ನೋಡೋಣ."

ಆಕಿ ಮನಿಗ ಹೋಗಲಿಲ್ಲ. ಆಫೀಸಿನ ಪಡಸಾಲಿಯಾಗ ಕ್ಯಾನ್ ಇಟ್ಟುಕೊಂಡು, ಮುಚ್ಚಳ ತಗದು ಕುಂತಳು. ಸಂಜಿಗ ಬಾಗಲು ಹಾಕಿದ್ರ ಬಸ್ ಹತ್ತೋದು, ಮುಂಜಾನಿ ಮತ್ತ ಹೊಸ ನೀರು ತುಂಬಿಕೊಂಡು ಬರೋದು. ಫ್ಯಾನ್ ತಿರುಗಿದಂಗೆಲ್ಲಾ ನಾತ ಒಳಗೊಳಗ ಹೋಗ್ತಿತ್ತು. ಜವಾನ ಕೈ ಮುಗದ, ಕ್ಲಾರ್ಕ್ ಬೈದ, ಕೆಲಸಕ್ಕ ಬಂದ ಮಂದಿ ಮೂಗು ಮುಚಗೊಂಡು ಏನಿದು ಅಂತ ಕೇಳಾಕತ್ತಿದ್ರು. ಕೇಳಿದವರಿಗೆಲ್ಲಾ, "ಇದು ಕುಡ್ಯಾಕ ಯೋಗ್ಯ ಅಂತ ಈ ಸಾಹೇಬ್ರೇ ಬರದು ಕೊಟ್ಟಾರ, ಸ್ವಲ್ಪ ಕುಡೀತೀರೇನು?" ಅಂತಿದ್ದಳು. ನಾಕನೇ ದಿನ ಸಾಹೇಬ ಎದ್ದು ಜೀಪಿನ ಕೀಲಿ ಕೈ ತಗೊಂಡ, ಮಾಣಿಕಮ್ಮನ್ನೂ ಹಿಂದ ಕೂಡಿಸಿಕೊಂಡ.

ಮನಿ ಮುಂದ ಅವತ್ತೂ ಡ್ರೈವರೇ ಮೊದಲ ಇಳದ, ಬಾಟ್ಲಿ ಹಿಡಕೊಂಡು. ಮಾಣಿಕಮ್ಮ ಅವನ ಕಡಿ ನೋಡಲಿಲ್ಲ. ಬಕೀಟು, ಹಗ್ಗ ತಗೊಂಡು ಸೀದಾ ಜೀಪಿನ ಬಾಗಲಿಗ ಹೋಗಿ ಹಗ್ಗದ ತುದಿ ಸಾಹೇಬನ ಕೈಯಾಗ ಇಟ್ಟಳು.

"ಬಾವಿ ಹಿತ್ತಲದಾಗ ಅದ. ನೀವೇ ಸೇದ್ರಿ. ನಾ ಕೈ ಹಚ್ಚಂಗಿಲ್ಲ."

ಸಾಹೇಬ ಪ್ಯಾಂಟ್ ಮಡಚಿ ರಾಡಿಯಾಗ ಇಳದ. ಬುರುಗಿನ ನೀರು ಮ್ಯಾಲ ಬಂದಾಗ ಮುಖ ಹಿಂದಕ್ಕ ತಿರುಗಿಸಿ, ಕಣ್ಣಾಗ ನೀರು ತಂದುಕೊಂಡು, ತನ್ನ ಕೈಲೇ ಎರಡೂ ಬಾಟ್ಲಿ ತುಂಬಿದ. ಸಪ್ನಾ ಎಲ್ಲಾ ಫೋನಿನ್ಯಾಗ ಹಿಡದಳು. ಬಾಟ್ಲಿಗ ಮುದ್ರಿ ಬಿತ್ತು.

ಕಟ್ಟಿಗ ಬಂದು ಕುಂತ ಸಾಹೇಬಗ ಬೆವರು ಇಳ್ಯಾಕತ್ತಿತ್ತು. "ಅವ್ವಾ," ಅಂದ ಸಣ್ಣ ದನಿಲೆ, "ಕುಡ್ಯಾಕ ಒಂದಿಷ್ಟು ನೀರು ಕೊಡ್ತೀರೇನ್ರಿ?"

ಮಾಣಿಕಮ್ಮ ಬಂದವರ ಬಿಂದಿಗಿಯಿಂದ ತಂಬಗಿ ತುಂಬಿ ಕೊಟ್ಟಳು. ಸಾಹೇಬ ಬಾಯಿಗ ಹಚ್ಚಲಿಲ್ಲ. ಬಗ್ಗಿ ನೋಡಿದ, ಮೂಸಿ ನೋಡಿದ.

"ಅಂಜಬ್ಯಾಡ್ರಿ ಸಾಹೇಬ್ರ, ಕುಡೀರಿ," ಅಂದಳು ಮಾಣಿಕಮ್ಮ. "ಹೋದ ಸಲ ನೀವು ಪಾಸ್ ಮಾಡಿದ್ದು ಇದೇ ನೀರು."